ಮ್ಯೂನಿಕ್‌ನಾಗ ನಮ್ಮ ಬುತ್ತಿ

ಜರ್ಮನಿಯ ಮ್ಯೂನಿಕ್‌ಗೆ ಹೋಗೋದು ಅಂದಾಗ ನನಗ ಚಿಂತಿ ಒಂದ ನೋಡ್ರಿ. ನಾವು ಸಸ್ಯಾಹಾರಿ, ಅಲ್ಲೆ ಹೊಟ್ಟಿಗೆ ಏನು? ಅದಕ್ಕ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟಗೊಂಡ ಹೋಗಿದ್ದೆ.

ಮೊದಲ ಮರಿಯನ್‌ಪ್ಲಾಟ್ಸ್ ಚೌಕಕ್ಕ ಹೋದ್ವಿ. ಹೊಸ ಟೌನ್‌ಹಾಲಿನ ಗೋಪುರದಾಗ 11 ಗಂಟೆಕ್ಕ 43 ಗಂಟಿ ಬಾರಿಸ್ತಾವ, 32 ಗೊಂಬಿ ತಿರಗ್ತಾವ. ಮ್ಯಾಲಿನ ಸಾಲಿನಾಗ 1568ರ ರಾಜಮನೆತನದ ಮದುವಿ, ಕೆಳಗ ಪೀಪಾಯಿ ಮಾಡವರ ಕುಣಿತ. "ಮದುವಿ ಆಗಿ 450 ವರ್ಷ ಆದ್ರೂ ಮೆರವಣಿಗಿ ಮುಗದಿಲ್ಲ" ಅಂತ ನಮ್ಮನಿಯವರು ನಕ್ಕರು.

ಅಲ್ಲಿಂದ ನಾಕ ಹೆಜ್ಜಿಗೆ ವಿಕ್ಟುವಾಲಿಯನ್‌ಮಾರ್ಕ್ಟ್ ಅನ್ನೋ ಸಂತಿ. ಹೂವು, ಜೇನು, ಚೀಸು, ಮೇ ತಿಂಗಳದ ಬಿಳಿ ಆಸ್ಪರಾಗಸ್. ನಡುವ ಗಿಡದ ನೆರಳಾಗ ಬಿಯರ್ ಗಾರ್ಡನ್. ಹೆಸರು ಕೇಳೇ ನಾ ಹಿಂದ ಸರದೆ. ಆದ್ರ 1812ರಾಗ ಬವೇರಿಯಾದ ರಾಜಾ, ಬಿಯರ್ ಮಾಡವರು ಬ್ರೆಡ್ ಬಿಟ್ಟು ಬ್ಯಾರೆ ಊಟ ಮಾರಬಾರದು ಅಂದಿದ್ನಂತ. ಮಂದಿ ಮನಿಯಿಂದ ಬುತ್ತಿ ತರ್ತಿದ್ರು. ಇವತ್ತಿಗೂ ಕುಡಿಯೋದು ಅಲ್ಲೇ ಕೊಂಡ್ರ ಬುತ್ತಿ ಬಿಚ್ಚಬಹುದು.

ನಾ ಕೂತೆ. ಅವರ ಸಾಲಿನಾಗ ನಿಂತು ಸೇಬಿನ ರಸ, ಅಂಗೈಕಿಂತ ದೊಡ್ಡ ಬ್ರೆಟ್ಸೆಲ್ ತಂದ್ರು. ಮೂವತ್ತೆರಡು ವರ್ಷ ನಾ ಬಡಸೋದು, ಅವರು ಉಣ್ಣೋದು, ಆಮ್ಯಾಲೆ ನಂದು. ಅವತ್ತ ರೊಟ್ಟಿ ಮುರದು ಮೊದಲ ನನ್ನ ಕೈಯಾಗ ಇಟ್ರು. ಬ್ರೆಟ್ಸೆಲ್‌ಗೂ ಚಟ್ನಿಪುಡಿ ಹಚಗೊಂಡು ಇಬ್ಬರೂ ಕೂಡೇ ಉಂಡ್ವಿ.

ಈಗ ಮನ್ಯಾಗೂ ಎರಡೂ ತಾಟು ಒಮ್ಮೆಗೇ ಹಾಕ್ತೀನಿ. ಮೊದಲನೇ ದಿನ ಅತ್ತಿಯವರು ಒಂದ ಮಾತ ಅಂದ್ರು. ಮರುದಿನ ತಮ್ಮ ತಾಟೂ ತಗೊಂಡ ಬಂದು ನಮ್ಮ ಬಾಜೂಕ ಕೂತ್ರು.