ಸಿತ್ತಂಪೂಂಡಿಯ ಕಲ್ಲು, ಚಂದ್ರನ ಮಣ್ಣು

ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ ನಿಂತಿದ್ದೀರಿ. ಬಿಸಿಲು ನೆತ್ತಿ ಸುಡುತ್ತಿದೆ. ಕಾಲಬುಡದ ಕಲ್ಲೊಂದನ್ನು ಎತ್ತಿಕೊಳ್ಳಿ. ಬೂದುಬಿಳುಪು ಬಣ್ಣ, ನಡುನಡುವೆ ಕಪ್ಪು ಚುಕ್ಕೆ. ಇದು ಅನಾರ್ಥೊಸೈಟ್. ಹುಣ್ಣಿಮೆಯ ಚಂದ್ರನಲ್ಲಿ ಬೆಳ್ಳಗೆ ಹೊಳೆಯುವ ಎತ್ತರದ ನೆಲವೆಲ್ಲ ಬಹುಪಾಲು ಇದೇ ಜಾತಿಯ ಕಲ್ಲು.

ಚಂದ್ರನ ಮೇಲೆ ಓಡಾಡಬೇಕಾದ ರೋವರನ್ನು ಇಲ್ಲೇ ಓಡಿಸಿ ಪರೀಕ್ಷಿಸಲು ಚಂದ್ರನದರಂಥ ಮಣ್ಣು ಬೇಕು. ಅದಕ್ಕೇ ಈ ಕಲ್ಲು ಈಗ ಕ್ರಷರ್‌ಗೆ ಬೀಳುತ್ತದೆ. ಹೊರಬಂದ ಪುಡಿಯನ್ನು ಚಿಟಿಕೆ ಹಿಡಿದು ತಿಕ್ಕಿನೋಡಿ. ನಮ್ಮ ಹೊಳೆಮರಳಿನ ನುಣುಪು ಇದಕ್ಕಿಲ್ಲ, ಕಣಕಣಕ್ಕೂ ಮೊನೆ. ಇದು ಹೀಗೇ ಇರಬೇಕು. ಚಂದ್ರನಲ್ಲಿ ಕಲ್ಲಿನ ಅಂಚು ಸವೆಸಲು ಗಾಳಿಯಿಲ್ಲ, ನೀರಿಲ್ಲ. ಮೊನಚು ಕಣಗಳು ಒಂದಕ್ಕೊಂದು ಕಚ್ಚಿಕೊಂಡಾಗ ಚಕ್ರ ಎಷ್ಟು ಹೂತುಹೋಗುತ್ತದೆ, ಎಲ್ಲಿ ಜಾರುತ್ತದೆ ಎಂಬ ಲೆಕ್ಕವೇ ಬೇರೆ. ಯಾವ ಗಾತ್ರದ ಕಣ ಎಷ್ಟಿರಬೇಕು ಎಂಬ ಹದ ತಪ್ಪಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಆ ಹದ ಕಂಡುಕೊಂಡವರು ಐ. ವೇಣುಗೋಪಾಲ್ ಮತ್ತವರ ಇಸ್ರೋ ಸಂಗಡಿಗರು, ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಎಸ್. ಅನ್ಬಳಗನ್ ತಂಡ, ತಿರುಚ್ಚಿಯ ಎನ್ಐಟಿಯ ತಜ್ಞರು. 2014ರ ಮೇನಲ್ಲಿ ಸಲ್ಲಿಸಿದ ಅರ್ಜಿಗೆ 2020ರ ಮೇ 18ರಂದು ಪೇಟೆಂಟ್ ಸಿಕ್ಕಿತು.

ಬೆಂಗಳೂರಿಗೆ ಬನ್ನಿ. ಮಾರತ್ತಹಳ್ಳಿ ಕಡೆಯ ಇಸ್ರೋ ಆವರಣದಲ್ಲೊಂದು ದೊಡ್ಡ ಕೋಣೆ. ನೆಲದ ತುಂಬ ಅದೇ ಪುಡಿ, ಸುಮಾರು 60 ಟನ್. ಅಲ್ಲಲ್ಲಿ ಕುಳಿ, ದಿಬ್ಬ. ದೀಪದ ಬೆಳಕಿನಲ್ಲಿ ಆರು ಚಕ್ರದ ರೋವರ್ ಹೊರಟಿದೆ. ಚಂದ್ರನಲ್ಲಿ ತೂಕ ಆರನೇ ಒಂದು ಪಾಲು ಮಾತ್ರ. ಅಷ್ಟೇ ಭಾರ ನೆಲಕ್ಕೆ ಬೀಳುವಂತೆ ಮಾಡಿಯೇ ಅದನ್ನು ಓಡಿಸಬೇಕು. ಬಗ್ಗಿ ನೋಡಿ: ಹಿಂಬದಿ ಚಕ್ರ ಉರುಳಿದಲ್ಲಿ ಅಶೋಕನ ಸಿಂಹಗಳ ಅಚ್ಚು, ಇಸ್ರೋ ಲಾಂಛನ ಸ್ಪಷ್ಟವಾಗಿ ಮೂಡಿವೆ.

ಇನ್ನು ಚಂದ್ರನಿಗೇ ಹೋಗೋಣ. 2023ರ ಆಗಸ್ಟ್ 23ರಂದು ಇಸ್ರೋದ ಲ್ಯಾಂಡರ್ ವಿಕ್ರಮ್ ಅಲ್ಲಿನ ದಕ್ಷಿಣ ಭಾಗದಲ್ಲಿ ಇಳಿದಿದೆ. ಅದರಿಂದ ಹೊರಬಂದ 26 ಕಿಲೋ ತೂಕದ ರೋವರ್ ಪ್ರಗ್ಯಾನ್ ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ತೆವಳುತ್ತಿದೆ. ಚಕ್ರ ಹೂತುಹೋಗಲಿಲ್ಲ. ಆದರೆ ಹಿಂದೆ ಉಳಿದ ಅಚ್ಚು ಮಸುಕು. ಬೆಂಗಳೂರಿನ ಪುಡಿಯನ್ನು ಹದ ಮಾಡಿದ್ದು ಅಪೊಲೊ ಯಾತ್ರಿಗಳು ಸಮಭಾಜಕದ ಆಸುಪಾಸಿನಿಂದ ತಂದ ಮಣ್ಣಿಗೆ ಹೋಲುವಂತೆ. ದಕ್ಷಿಣದ ಈ ಮಣ್ಣು ಹೆಂಟೆಗಟ್ಟುವಂಥದ್ದು. ಮಸುಕಾದ ಆ ಅಚ್ಚೇ ನನಗೆ ಇಡೀ ಯಾತ್ರೆಯ ಅತಿ ಬೆಲೆಬಾಳುವ ಚಿತ್ರ. ನೆಲ ತನ್ನ ಗುಣವನ್ನು ತಾನೇ ಹೇಳಿಕೊಂಡ ಗಳಿಗೆ ಅದು.

ಹಾಗೆಂದು ಕಲ್ಲಿನ ಆಯ್ಕೆ ತಪ್ಪಿರಲಿಲ್ಲ. ಪ್ರಗ್ಯಾನ್‌ನ ಎಕ್ಸ್-ರೇ ಉಪಕರಣ ಆ ಮಣ್ಣಿನ ಧಾತುಗಳನ್ನು ಅಳೆದಾಗ ಸಿಕ್ಕ ಉತ್ತರವೂ ಅನಾರ್ಥೊಸೈಟೇ.