ಕೈಬ್ರೇಕು ಕಲಿಸಿದ ಪಾಠ

ನಮ್ಮ ಕಾಸರಗೋಡಿನ ಮೂಡುಭಾಗದ ಊರುಗಳಲ್ಲಿ ಸಮತಟ್ಟಾದ ನೆಲವೆಂಬುದು ಬಲು ಅಪರೂಪ. ಮಾರ್ಗ ಮೇಲೆ, ಮನೆ ಅದರ ಕೆಳಗೆ, ತೋಟ ಇನ್ನೂ ಕೆಳಗೆ. ಮಾರ್ಗದಿಂದ ಅಂಗಳಕ್ಕಿಳಿಯುವ ಜಾರಿನಲ್ಲಿಯೇ ಕಾರನ್ನು ನಿಲ್ಲಿಸಬೇಕಾದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥವರಿಗೆ ಕಾರು ಚೆನ್ನಾಗಿ ಓಡುವುದಕ್ಕಿಂತ ನಿಲ್ಲಿಸಿದಲ್ಲಿ ನಿಲ್ಲುವುದೇ ದೊಡ್ಡ ಸಂಗತಿ. ಈ ಮಾತು ನನಗೆ ತಿಳಿದಿರಲಿಲ್ಲವೆಂದಲ್ಲ. ತಿಳಿದಿದ್ದೇನೆಂಬ ಭ್ರಮೆಯೇ ನನ್ನನ್ನು ಕೆಡಿಸಿತು.

ನಮ್ಮದೊಂದು ಚಿಕ್ಕ ಹಳೆಯ ಕಾರು. ಮಳೆಗಾಲ ಕಳೆದ ಮೇಲೆ ಅದರ ಕೈಬ್ರೇಕು ಸಡಿಲವಾಗಿ ತೋರತೊಡಗಿತು. ಮೊದಲು ಐದಾರು ಸಲ ‘ಟಿಕ್ ಟಿಕ್’ ಎಂದೊಡನೆ ಗಟ್ಟಿಯಾಗಿ ನಿಲ್ಲುತ್ತಿದ್ದ ಹಿಡಿ, ಈಗ ಹನ್ನೊಂದು ಹನ್ನೆರಡು ಹಲ್ಲು ಏರಿದರೂ ಮೆತ್ತಗೇ ಇರುತ್ತಿತ್ತು. ಪೇಟೆಯ ಗ್ಯಾರೇಜಿಗೆ ಹೋಗಲು ಒಂದು ದಿನ ವ್ಯರ್ಥವಾಗುವುದೆಂದು ನಾನೇ ಕೈಹಾಕಿದೆ. ಹಿಡಿಯ ಬುಡದ ಹೊದಿಕೆಯನ್ನು ಎತ್ತಿ ನೋಡಿದರೆ, ಕೇಬಲನ್ನು ಎಳೆದು ಹಿಡಿಯುವ ಸರಳು, ಅದರ ಮೇಲೊಂದು ನಟ್ಟು. ಸ್ಪ್ಯಾನರ್ ಹಿಡಿದು ನಾಲ್ಕು ಸುತ್ತು ತಿರುಗಿಸಿದೆ. ಹಿಡಿ ಐದನೆಯ ಹಲ್ಲಿಗೇ ಬಿಗಿಯಾಯಿತು. ಮರುದಿನ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಈ ಸಾಹಸವನ್ನು ವರ್ಣಿಸಿದ್ದೂ ಉಂಟು.

ತಿಂಗಳೊಂದು ಕಳೆಯಿತು. ಅಡಿಕೆ ಒಣಗುವ ಕಾಲ. ಒಂದು ಸಂಜೆ ಯಾವುದೋ ಅವಸರದಲ್ಲಿ ಬಂದವನು ಕಾರನ್ನು ಎಂದಿನ ಜಾರಿನಲ್ಲಿ ನಿಲ್ಲಿಸಿ, ಕೈಬ್ರೇಕನ್ನೆಳೆದು ಮನೆಯೊಳಗೆ ಹೋದೆ. ಎರಡು ನಿಮಿಷವೂ ಆಗಿರಲಾರದು, ಹೊರಗಿನಿಂದ ಹೆಂಡತಿಯ ಕೂಗು ಕೇಳಿತು. ಓಡಿ ಬಂದು ನೋಡುತ್ತೇನೆ, ಇಂಜಿನಿನ ಸದ್ದಿಲ್ಲದೆ, ಯಾರ ಹಂಗೂ ಇಲ್ಲದೆ, ಕಾರು ಅಂಗಳದ ಕಡೆಗೆ ಇಳಿಯುತ್ತಿದೆ! ಅಂಗಳದಲ್ಲಿ ಅಮ್ಮ ಕುಳಿತು ಅಡಿಕೆ ಆರಿಸುತ್ತಿದ್ದರು. ಎಂಬತ್ತು ದಾಟಿದವರು, ಥಟ್ಟನೆ ಏಳುವ ಶಕ್ತಿಯಿಲ್ಲ. ಕಾರು ಹರಡಿದ ಅಡಿಕೆಯ ಮೇಲೆ ಹಾದು, ಅಮ್ಮನಿಂದ ಮೂರು ಮಾರು ದೂರದಲ್ಲಿ, ಅಂಚಿನ ಮುರಕಲ್ಲಿನ ಗೋಡೆಗೆ ಬಡಿದು ನಿಂತಿತು. ಒಂದು ದೀಪ ಒಡೆಯಿತು, ಬೇರೇನೂ ಆಗಲಿಲ್ಲ. ಅಮ್ಮ ಗದರಿಸಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, “ನಿಲ್ಲಿಸಲಿಕ್ಕೆ ಬಾರದವನು ಓಡಿಸುವುದೇಕೆ?” ಎಂದರು, ಅಷ್ಟೇ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಮೆಕ್ಯಾನಿಕನೊಬ್ಬನನ್ನು ಮನೆಗೇ ಕರೆಸಿದೆ. ನಮ್ಮ ಶಾಲೆಯ ಮಕ್ಕಳಿಗಿಂತ ಐದಾರು ವರ್ಷ ದೊಡ್ಡವನಾದ ತರುಣ. ಅವನು ನಟ್ಟನ್ನು ಮುಟ್ಟಲೇ ಇಲ್ಲ; ನೇರವಾಗಿ ಹಿಂದಿನ ಚಕ್ರಗಳ ಬಳಿಗೆ ಹೋದ. ಚಕ್ರ ಕಳಚಿ ಡ್ರಮ್ಮನ್ನು ತೆಗೆದು ನನ್ನನ್ನು ಕರೆದು ತೋರಿಸಿದ. ಬಲಗಡೆಯಲ್ಲಿ ಬ್ರೇಕ್ ಶೂಗಳ ಮೇಲಿನ ಪಟ್ಟಿ ಸವೆದು ತಗಡಿನಂತಾಗಿತ್ತು. ಎಡಗಡೆಯ ಕೇಬಲ್, ನೀರು ಹೊಕ್ಕು ತನ್ನ ಕವಚದೊಳಗೇ ತುಕ್ಕು ಹಿಡಿದು ಸಿಲುಕಿತ್ತು. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ಪಟ್ಟಿ ಸವೆದಾಗ ಹಿಡಿ ಸಡಿಲವಾಯಿತು. ನಾನು ನಟ್ಟು ತಿರುಗಿಸಿದಾಗ ಸಿಲುಕಿದ ಕೇಬಲಿನ ಬಿಗಿತವೇ ನನ್ನ ಕೈಗೆ ಬ್ರೇಕಿನ ಬಿಗಿತದಂತೆ ತೋರಿತು. ಬಿಗಿಯಾದದ್ದು ಹಿಡಿ, ಚಕ್ರವಲ್ಲ. ಹಾಗಾದರೆ ಒಂದು ತಿಂಗಳು ಕಾರು ನಿಂತದ್ದು ಹೇಗೆ? ಗೇರಿನಲ್ಲಿ ಬಿಟ್ಟು ಇಳಿಯುವ ನನ್ನ ಹಳೆಯ ಅಭ್ಯಾಸ ಕಾಪಾಡಿತ್ತು. ಆ ಸಂಜೆ ಅವಸರದಲ್ಲಿ ಅದನ್ನೂ ಮರೆತಿದ್ದೆ.

ಬಳಿಕ ನಾನು ಹಗ್ಗ ಹಿಡಿದು ನಮ್ಮ ಜಾರನ್ನು ಅಳೆದೆ. ಎಂಟು ಅಡಿ ಮುಂದೆ ಹೋದರೆ ಒಂದು ಅಡಿ ತಗ್ಗು. ಕಾರಿನ ತೂಕ 800 ಕಿಲೋ ಎಂದಿಟ್ಟುಕೊಂಡರೆ, ಅದನ್ನು ಕೆಳಗೆಳೆಯುವ ಬಲ ಸುಮಾರು 100 ಕಿಲೋ. ಅಂದರೆ ಎರಡು ಅಕ್ಕಿಮೂಟೆಯ ಭಾರವನ್ನು ಆ ಎರಡು ಚಕ್ರಗಳು ಹಗಲಿರುಳು ಹಿಡಿದಿರಬೇಕು. ಕಾಲಿನ ಬ್ರೇಕಿಗೆ ಎಣ್ಣೆಯ ಒತ್ತಡದ ಸಹಾಯವುಂಟು. ಕೈಬ್ರೇಕಿಗೆ ಇರುವುದು ಒಂದು ಸನ್ನೆಕೋಲು, ಒಂದು ತಂತಿ ಮಾತ್ರ. ಸನ್ನೆಯ ಪಾಠವನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದವನು ನಾನು. ಹೇಳುವುದು ಬೇರೆ, ಮಾಡುವುದು ಬೇರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊಸ ಶೂ, ಹೊಸ ಕೇಬಲ್ ಹಾಕಿಸಿದ ಮೇಲೆ, ಆ ತರುಣನಿಂದ ಕಲಿತ ಕ್ರಮವನ್ನು ನಮ್ಮಂಥ ಇಳಿಜಾರಿನ ಮನೆಗಳವರಿಗಾಗಿ ಇಲ್ಲಿ ಬರೆಯುತ್ತೇನೆ. ಕೇಬಲ್ ಮತ್ತು ಡ್ರಮ್ಮುಗಳುಳ್ಳ, ಮುಂದಿನ ಚಕ್ರಗಳಿಂದ ಓಡುವ ಕಾರುಗಳಿಗೆ ಇದು ಹೊಂದುತ್ತದೆ. ಗುಂಡಿ ಒತ್ತಿದರೆ ಬ್ರೇಕು ಬೀಳುವ ಹೊಸ ಬಗೆಯ ಕಾರುಗಳನ್ನು ಮನೆಯಲ್ಲಿ ಬಿಚ್ಚಬಾರದು.

ಮೊದಲು ಕಾರನ್ನು ಸಮತಟ್ಟಾದ ಗಟ್ಟಿ ನೆಲಕ್ಕೆ ತರಬೇಕು. ಗೇರಿನಲ್ಲಿಟ್ಟು, ಮುಂದಿನ ಚಕ್ರಗಳ ಎರಡೂ ಕಡೆ ಮರದ ತುಂಡು ಕೊಡಬೇಕು. ಹಿಂಭಾಗವನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಮುರಕಲ್ಲನ್ನು ಎಂದಿಗೂ ಆಧಾರವಾಗಿ ಇಡಕೂಡದು. ಭಾರ ಬಿದ್ದರೆ ಅದು ಪುಡಿಯಾಗುತ್ತದೆ. ಜಾಕಿ ಒಂದನ್ನೇ ನಂಬಿ ಅಡಿಗೆ ಕೈಹಾಕಲೂ ಕೂಡದು.

ಅನಂತರ ಹಿಡಿಯನ್ನು ಪೂರ್ಣ ಇಳಿಸಿ, ಹಿಂದಿನ ಒಂದೊಂದು ಚಕ್ರವನ್ನೂ ಕೈಯಿಂದ ತಿರುಗಿಸಬೇಕು. ಎರಡೂ ಸರಾಗವಾಗಿ ತಿರುಗಬೇಕು. ಈಗ ಒಬ್ಬರು ಒಳಗೆ ಕುಳಿತು ಒಂದೊಂದೇ ಹಲ್ಲು ಎಳೆಯಲಿ, ಇನ್ನೊಬ್ಬರು ಚಕ್ರ ತಿರುಗಿಸಲಿ. ಎರಡು ಚಕ್ರಗಳೂ ಏಕಕಾಲಕ್ಕೆ ಬಿಗಿಯುತ್ತ ಬಂದು, ಎಷ್ಟನೆಯ ಹಲ್ಲಿಗೆ ಪೂರ್ಣ ನಿಲ್ಲುತ್ತವೆಂದು ಎಣಿಸಬೇಕು. ಎಷ್ಟಿರಬೇಕೆಂಬುದು ಕಾರಿನೊಡನೆ ಬಂದ ಪುಸ್ತಕದಲ್ಲಿ ಇರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಐದರಿಂದ ಎಂಟರೊಳಗೆ. ಒಂದು ಚಕ್ರ ನಿಂತು ಇನ್ನೊಂದು ತಿರುಗುತ್ತಿದ್ದರೆ ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬಂತೆ. ನಟ್ಟಿನಿಂದ ಅದು ಸರಿಯಾಗದು. ಆ ಕಡೆಯ ಕೇಬಲನ್ನೂ ಶೂಗಳನ್ನೂ ನೋಡಲೇಬೇಕು. ಡ್ರಮ್ಮಿನೊಳಗೆ ಎಣ್ಣೆಯ ಪಸೆ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ ಬಲ್ಲವರನ್ನು ಕರೆಯಬೇಕು. ಒಳಗಿನ ಧೂಳನ್ನು ಊದಬಾರದು. ಹಳೆಯ ಪಟ್ಟಿಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಇದ್ದೀತು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಇವೆಲ್ಲ ಸರಿಯಿದ್ದರೆ ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ, ಶೂಗಳು ತಮ್ಮ ಸ್ಥಾನದಲ್ಲಿ ಕೂರುವಂತೆ ಮಾಡಬೇಕು. ಕಟ್ಟಕಡೆಗೆ ನಟ್ಟು! ಅದೂ ಅರ್ಧರ್ಧ ಸುತ್ತು ಮಾತ್ರ, ಪ್ರತಿಸಲವೂ ಹಲ್ಲು ಎಣಿಸುತ್ತ. ಮುಗಿದ ಮೇಲೆ ಹಿಡಿಯನ್ನು ಇಳಿಸಿ ಚಕ್ರಗಳು ಮತ್ತೆ ಸರಾಗವಾಗಿ ತಿರುಗುತ್ತವೆಯೇ ಎಂದು ನೋಡಬೇಕು. ಅತಿಯಾಗಿ ಬಿಗಿದರೆ ಓಡುವಾಗ ಶೂಗಳು ಉಜ್ಜುತ್ತಲೇ ಇದ್ದು ಡ್ರಮ್ಮು ಕಾಯುತ್ತದೆ, ಪಟ್ಟಿ ಸವೆಯುತ್ತದೆ, ಪೆಟ್ರೋಲೂ ವ್ಯರ್ಥ. ಸಡಿಲವೂ ದೋಷ, ಬಿಗಿಯೂ ದೋಷ.

ಪರೀಕ್ಷೆಯನ್ನು ಮಾತ್ರ ಇಳಿಜಾರಿನಲ್ಲಿಯೇ ಮಾಡಬೇಕು. ನಾನು ಸಮನೆಲದಲ್ಲಿ ಪರೀಕ್ಷಿಸಿ ತೃಪ್ತನಾದೆ. ಪಾಠ ಹೇಳದೆ ಸುಲಭ ಪ್ರಶ್ನೆ ಕೇಳಿ ಎಲ್ಲರನ್ನೂ ತೇರ್ಗಡೆ ಮಾಡಿದ ಹಾಗೆ. ಒಬ್ಬರು ಕಾಲಿನ ಬ್ರೇಕಿನ ಮೇಲೆ ಕಾಲಿಟ್ಟು ಕುಳಿತಿರಲಿ, ಕಾರಿನ ತಗ್ಗಿನ ಕಡೆಯಲ್ಲಿ ಯಾರೂ ನಿಲ್ಲದಿರಲಿ. ಕೈಬ್ರೇಕೊಂದೇ ಕಾರನ್ನು ಹಿಡಿಯುವುದಾದರೆ ಕೆಲಸ ಸರಿಯಾಯಿತೆಂದು ತಿಳಿಯಬಹುದು. ಆಗಲೂ ಅದೊಂದನ್ನೇ ನಂಬಬೇಡಿ. ಮೂತಿ ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರು, ಏರಿನ ಕಡೆಗಿದ್ದರೆ ಮೊದಲನೆಯ ಗೇರು, ಜತೆಗೆ ಚಕ್ರದಡಿಗೆ ಒಂದು ಮರದ ತುಂಡು.

ತಪ್ಪು ಲೆಕ್ಕ ಮಾಡಿದ ಹುಡುಗನ ಉತ್ತರವನ್ನಷ್ಟೇ ತಿದ್ದಿ ಕಳುಹಿಸಿದರೆ ಅವನು ಮರುದಿನವೂ ಅದೇ ತಪ್ಪು ಮಾಡುತ್ತಾನೆಂದು ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಎಲ್ಲಿ ಎಡವಿದನೆಂದು ಹುಡುಕಬೇಕು. ನಾನು ಕಾರಿನ ಉತ್ತರವನ್ನು ಮಾತ್ರ ತಿದ್ದಿದ್ದೆ.

ಈಗ ಕಾರು ನಿಂತಲ್ಲಿ ನಿಲ್ಲುತ್ತದೆ. ಅಮ್ಮ ಮಾತ್ರ ಅಡಿಕೆ ಆರಿಸಲು ಅಂಗಳದ ಆ ಜಾಗದಲ್ಲಿ ಕೂರುವುದನ್ನು ಬಿಟ್ಟಿದ್ದಾರೆ. ಜಗಲಿಯ ಮೇಲೇ ಗೋಣಿ ಹಾಸಿಕೊಳ್ಳುತ್ತಾರೆ. ಸಂಜೆ ನಾನು ಕಾರಿನಿಂದ ಇಳಿದೊಡನೆ ಅಲ್ಲಿಂದಲೇ ಕೇಳುತ್ತಾರೆ: “ಮರದ ತುಂಡು ಕೊಟ್ಟೆಯಾ?” ಕೊಟ್ಟಿದ್ದರೂ ಒಮ್ಮೆ ಹಿಂದಿರುಗಿ ನೋಡಿ, ಆಮೇಲೆ “ಹೌದು” ಎನ್ನುತ್ತೇನೆ.