ಪಕ್ಕದ ಫಲಕದ ಸುದ್ದಿ

ನಮ್ಮ ಮಹಾವಿದ್ಯಾಲಯದ ಎರಡನೆಯ ಮಜಲಿನಲ್ಲಿ ಕನ್ನಡ ವಿಭಾಗದ ಸೂಚನಾ ಫಲಕಕ್ಕೂ ಸಮಾಜಶಾಸ್ತ್ರ ವಿಭಾಗದ ಫಲಕಕ್ಕೂ ನಡುವೆ ಒಂದು ಕಿಟಕಿಯಷ್ಟೇ ಅಂತರ. ನಮ್ಮದರಲ್ಲಿ ಪರೀಕ್ಷೆಯ ವೇಳಾಪಟ್ಟಿ, ಭಾಷಣ ಸ್ಪರ್ಧೆಯ ಪ್ರಕಟಣೆ, ಹಾಜರಾತಿಯ ಎಚ್ಚರಿಕೆ ಇರುತ್ತವೆ. ಅವರದರಲ್ಲಿ ಆಗಾಗ ಸಮಾಜಶಾಸ್ತ್ರ ಸಂಘಗಳ ವಾರ್ತಾಪತ್ರಗಳು ಕಾಣುತ್ತವೆ: ವಾರ್ಷಿಕ ಅಧಿವೇಶನ ಎಲ್ಲಿ, ಪ್ರಬಂಧದ ಸಾರಾಂಶ ಕಳುಹಿಸಲು ಕೊನೆಯ ದಿನ ಯಾವುದು, ಶಿಷ್ಯವೇತನ ಯಾವುದು, ಸಂಶೋಧನಾ ವಿಧಾನದ ಕಮ್ಮಟ ಎಂದು. ಐಚ್ಛಿಕ ಕನ್ನಡದ ನಮ್ಮ ವಿದ್ಯಾರ್ಥಿಗಳು ಅದರ ಮುಂದೆ ನಿಲ್ಲುವುದನ್ನು ನಾನು ಕಂಡದ್ದು ಅಪರೂಪ. ಕಾರಣ ಕೇಳಿದಾಗ ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ, "ಅದು ಸೋಷಿಯಾಲಜಿಯವ್ರದು ರೀ ಸರ್, ನಮಗೇನ್ ಉಪಯೋಗ?" ಎಂದಳು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನಿಂತ ನಿಲುವಿನಲ್ಲಿ ಕೊಡುವ ಉತ್ತರ ಸಾಲದೆಂದು ಇಲ್ಲಿ ಬರೆಯುತ್ತಿದ್ದೇನೆ.

ಈ ಸಂಘಗಳ ಮೂಲ ನಮಗೆ ದೂರದ್ದಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾದದ್ದು 1919ರಲ್ಲಿ. ಅಲ್ಲಿ ದೀರ್ಘಕಾಲ ಮುಖ್ಯಸ್ಥರಾಗಿದ್ದ ಜಿ. ಎಸ್. ಘುರ್ಯೆ ಅವರ ಮುಂದಾಳುತನದಲ್ಲಿ 1951ರಲ್ಲಿ ಭಾರತೀಯ ಸಮಾಜಶಾಸ್ತ್ರ ಸಂಘ ಸ್ಥಾಪನೆಯಾಯಿತು; ಮರುವರ್ಷವೇ ಅದರ ಪತ್ರಿಕೆ ಸೋಶಿಯಲಾಜಿಕಲ್ ಬುಲೆಟಿನ್ ಹೊರಬಂದಿತು. ಘುರ್ಯೆಯವರ ಶಿಷ್ಯರಲ್ಲಿ ಇಬ್ಬರ ಹೆಸರು ನಮ್ಮಂಥ ಗಡಿಯವರಿಗೆ ವಿಶೇಷವಾಗಿ ಬೇಕಾದವು. ಒಬ್ಬರು ಮರಾಠಿಯ ಶ್ರೇಷ್ಠ ಗದ್ಯ ಲೇಖಕಿಯೂ ಆದ ಇರಾವತಿ ಕರ್ವೆ. ಇನ್ನೊಬ್ಬರು ಮೈಸೂರಿನ ಎಂ. ಎನ್. ಶ್ರೀನಿವಾಸ್. ಮರಾಠಿ ಬಲ್ಲವರೂ ಕನ್ನಡ ಬಲ್ಲವರೂ ಒಬ್ಬರೇ ಗುರುವಿನ ಬಳಿ ಕಲಿತು, ತಮ್ಮ ತಮ್ಮ ಜನರ ಮನೆ, ಮದುವೆ, ದೇವರುಗಳನ್ನು ಶಾಸ್ತ್ರದ ವಸ್ತುವಾಗಿಸಿದರು.

ಶ್ರೀನಿವಾಸರ ಒಂದು ಸಂಗತಿಯನ್ನು ನಾನು ತರಗತಿಯಲ್ಲಿ ಹೇಳದೆ ಬಿಡುವುದಿಲ್ಲ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿ ಅವರು ಕ್ಷೇತ್ರಕಾರ್ಯ ನಡೆಸಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಅವರ ಕಚೇರಿಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ಪರಿಷ್ಕರಿಸಿ ಇಟ್ಟುಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಗ ಅವರು ನೆನಪನ್ನೇ ಆಧಾರವಾಗಿಸಿಕೊಂಡು ಹಳ್ಳಿಯನ್ನು ಮತ್ತೆ ಬರೆದರು. ಆ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಸಮಾಜಶಾಸ್ತ್ರದ ಗ್ರಂಥವೊಂದು ಕಾದಂಬರಿಯ ಹಾಗೆ ಓದಿಸಿಕೊಳ್ಳಬಲ್ಲದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಧಾರವಾಡದಲ್ಲಿ ಕನ್ನಡ ಸಾಹಿತ್ಯದಿಂದಲೇ ಹೊರಟು, ಸಮಾಜಶಾಸ್ತ್ರಕ್ಕೆ ಹೊರಳಿ, ಕೆನಡಾದಲ್ಲಿ ಅಧ್ಯಾಪಕರಾದ ಹಿರೇಮಲ್ಲೂರು ಈಶ್ವರನ್ ಅವರ ಉದಾಹರಣೆಯೂ ನಮ್ಮ ಕಣ್ಣ ಮುಂದಿದೆ. ಕನ್ನಡ ಓದಿದವನು ಆ ಬಾಗಿಲಲ್ಲಿ ಅಪರಿಚಿತನಲ್ಲ.

ನಾನು ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಎಂಟರಿಂದ ಮರಾಠಿ ಮಾಧ್ಯಮ, ಏಕೆಂದರೆ ನಮ್ಮ ಊರಿನ ಸುತ್ತ ಬೇರೆ ಪ್ರೌಢಶಾಲೆ ಇರಲಿಲ್ಲ. ಪದವಿಗೆ ಬಂದಾಗ ಸೊಲ್ಲಾಪುರ ಜಿಲ್ಲೆ ಇನ್ನೂ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಆ ದಿನಗಳಲ್ಲಿ ಕರ್ವೆಯವರ ವಾರಿಯ ಪ್ರಬಂಧವನ್ನು ಮರಾಠಿಯಲ್ಲಿ ಓದಿದೆ. ಪಂಢರಪುರದ ವಾರಿಯಲ್ಲಿ ದಿಂಡಿಯೊಡನೆ ನಡೆದ ಅನುಭವ ಅದರಲ್ಲಿದೆ. ಒಂದೇ ವಿಠ್ಠಲನ ಹೆಸರಿನಲ್ಲಿ ಹಾಡುತ್ತ ಸಾಗುವವರು ಊಟಕ್ಕೆ ಜಾತಿವಾರು ಬೇರೆ ಬೇರೆ ಕುಳಿತುಕೊಳ್ಳುವುದನ್ನು ಅವರು ನೋವಿನಿಂದ ಗುರುತಿಸುತ್ತಾರೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು: ಯಾವ ನಾಡಿನ ಜನ ಪಂಢರಪುರಕ್ಕೆ ಯಾತ್ರೆ ಹೋಗುತ್ತಾರೋ ಅದೇ ಮಹಾರಾಷ್ಟ್ರ ಎಂಬರ್ಥದ ಅವರ ವ್ಯಾಖ್ಯೆ. ಸುಂದರವಾದ ವ್ಯಾಖ್ಯೆಯೇ. ಆದರೆ ನನ್ನ ಅಜ್ಜಿ ಪ್ರತಿವರ್ಷ ವಿಠೋಬನ ದರ್ಶನಕ್ಕೆ ಹೋಗುತ್ತಿದ್ದಳು, ಆಕೆಗೆ ಮರಾಠಿಯಲ್ಲಿ ನಾಲ್ಕು ಮಾತು ನೆಟ್ಟಗೆ ಬರುತ್ತಿರಲಿಲ್ಲ. ವಿಜಯಪುರ, ಕಲಬುರಗಿಯ ಕಡೆಯಿಂದಲೂ ದಿಂಡಿಗಳು ಬರುತ್ತವೆ. ವಿಠ್ಠಲನನ್ನೇ ಕಾನಡಾ ಎಂದು ಕರೆದವರು ಜ್ಞಾನೇಶ್ವರರು. ಹಾಗಾದರೆ ನನ್ನ ಅಜ್ಜಿ ಯಾವ ನಾಡಿನವಳು? ಕರ್ವೆಯವರಿಗೆ ಈ ಪ್ರಶ್ನೆಯನ್ನು ಗೌರವದಿಂದ ಕೇಳಬಲ್ಲವರು ಪುಣೆಯಲ್ಲೂ ಸಿಗಲಾರರು, ಬೆಂಗಳೂರಿನಲ್ಲೂ ಸಿಗಲಾರರು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ನಿಮ್ಮಲ್ಲಿ ಸಿಗುತ್ತಾರೆ.

ಅದೇ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಬಂಧುತ್ವದ ಗ್ರಂಥದಲ್ಲಿ ಭಾರತವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಮಹಾರಾಷ್ಟ್ರ ಮಧ್ಯವಲಯದಲ್ಲಿ, ಕರ್ನಾಟಕ ದಕ್ಷಿಣವಲಯದಲ್ಲಿ ಬಿದ್ದವು. ಗೆರೆ ಹಾದುಹೋದದ್ದು ನಮ್ಮ ಅಡುಗೆಮನೆಯ ನಡುವೆ. ನಮ್ಮ ಮನೆಯಲ್ಲಿ ತಂದೆಯ ತಮ್ಮ 'ಕಾಕಾ', ಅಣ್ಣನ ಹೆಂಡತಿ 'ವೈನಿ', ತಾಯಿಯ ತಂಗಿ 'ಮಾವಶಿ'; ಇವೆಲ್ಲ ಮರಾಠಿಯ ಕಡೆಯಿಂದ ಬಂದವು. ಆದರೆ ಹೆಣ್ಣು ಕೊಡುವ, ತರುವ ಮಾತು ಬಂದೊಡನೆ ಸೋದರಮಾವ, ಸೋದರತ್ತೆ, ಅಳಿಯ, ಬೀಗರು ಎಂಬ ಕನ್ನಡ ಪದಗಳೇ ಗಟ್ಟಿಯಾಗಿ ನಿಲ್ಲುತ್ತವೆ. ದಿನಬಳಕೆಯ ಸಂಬೋಧನೆ ಬದಲಾಯಿತು, ಮದುವೆಯ ಲೆಕ್ಕಾಚಾರ ಬದಲಾಗಲಿಲ್ಲವೇ? ಅಥವಾ ನಮ್ಮ ಮನೆಯ ಮಾತಷ್ಟೇ ಹೀಗೋ? ನಾಲ್ಕು ಹಳ್ಳಿಗಳ ಐವತ್ತು ಮನೆಗಳಲ್ಲಿ ಕೇಳಿ ಬರೆದುಕೊಂಡರೆ ತಿಳಿಯುತ್ತದೆ. ಅದಕ್ಕೆ ಬೇಕಾದ ಎರಡು ಕಿವಿಗಳು ನಿಮಗೆ ಹುಟ್ಟಿನಿಂದಲೇ ಬಂದಿವೆ.

ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡದ ಜಾತ್ರೆಯೂ ಹಾಗೆಯೇ. ಸಿದ್ಧರಾಮನ ವಚನಗಳನ್ನು ನಾವು ಪರೀಕ್ಷೆಗೆ ಓದುತ್ತೇವೆ. ಸಂಕ್ರಾಂತಿಯಲ್ಲಿ ಹೊರಡುವ ಏಳು ನಂದಿಧ್ವಜಗಳ ಮಾನ ಯಾವ ಯಾವ ಸಮುದಾಯಕ್ಕೆ, ಅದು ಹೇಗೆ ಬಂತು ಎಂದು ವಿಚಾರಿಸುವ ಕೆಲಸವನ್ನು ಪಕ್ಕದ ವಿಭಾಗಕ್ಕೆ ಬಿಟ್ಟಿದ್ದೇವೆ. ಅವರಿಗೆ ವಚನ ಗೊತ್ತಿಲ್ಲ, ನಮಗೆ ವಿಧಾನ ಗೊತ್ತಿಲ್ಲ. ನಡುವೆ ಕಿಟಕಿ.

ಈಗ ಅವಕಾಶಗಳ ಮಾತು. ಭಾರತೀಯ ಸಮಾಜಶಾಸ್ತ್ರ ಸಂಘದ ವಾರ್ಷಿಕ ಅಧಿವೇಶನದಲ್ಲಿ ವಿಷಯವಾರು ಸಂಶೋಧನಾ ಸಮಿತಿಗಳು ಪ್ರತ್ಯೇಕವಾಗಿ ಸೇರುತ್ತವೆ. ಕುಟುಂಬ, ಬಂಧುತ್ವ, ವಿವಾಹಗಳಿಗೇ ಒಂದು ಸಮಿತಿ ಇದೆ. ಅಂತರರಾಷ್ಟ್ರೀಯ ಸಂಘದಲ್ಲಿ ಭಾಷೆ ಮತ್ತು ಸಮಾಜ ಎಂಬ ಸಮಿತಿಯೇ ಇದೆ. ಮರಾಠಿ ಸಮಾಜಶಾಸ್ತ್ರ ಪರಿಷತ್ತಿನ ವ್ಯವಹಾರ ಮರಾಠಿಯಲ್ಲಿಯೇ ನಡೆಯುತ್ತದೆ, ಆದ್ದರಿಂದ ಇಂಗ್ಲಿಷಿಗೆ ಅಂಜುವವರು ಅಲ್ಲಿಂದ ಆರಂಭಿಸಬಹುದು. ಮುಂದೆ ಪಿಎಚ್.ಡಿ.ಗೆ ಹೋಗುವವರಿಗೆ 1969ರಲ್ಲಿ ಸ್ಥಾಪಿತವಾದ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತಿನ ಶಿಷ್ಯವೇತನಗಳಿವೆ. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ವಾರ್ತಾಪತ್ರದಲ್ಲಿ ಮೂರು ಸಂಗತಿ ನೋಡಿಕೊಳ್ಳುವುದು ಸಾಕು: ಕೊನೆಯ ದಿನಾಂಕ, ವಿದ್ಯಾರ್ಥಿಗಳಿಗೆ ಶುಲ್ಕ, ಪ್ರಬಂಧದ ಭಾಷೆ. ಹಣ ಕಳುಹಿಸಿದರೆ ಒಂದೇ ವಾರದಲ್ಲಿ ಪ್ರಬಂಧ ಪ್ರಕಟಿಸುತ್ತೇವೆ ಎಂದು ಮೊಬೈಲಿಗೆ ಬರುವ ಆಮಂತ್ರಣಗಳೂ ಇವೆ. ಅವು ಅವಕಾಶಗಳಲ್ಲ, ಅಂಗಡಿಗಳು.

ತೊಡಕು ಇಲ್ಲವೆಂದು ಹೇಳಲಾರೆ. ಅಧಿವೇಶನಕ್ಕೆ ಹೋಗಿಬರುವ ರೈಲಿನ ಖರ್ಚು ನಿಮ್ಮಲ್ಲಿ ಹಲವರ ಮನೆಯ ಒಂದು ತಿಂಗಳ ಸಂತೆ. ಕನ್ನಡದಲ್ಲಿ ಸಂಗ್ರಹಿಸಿದ್ದನ್ನು ಮರಾಠಿಯಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಪ್ರತಿ ದಾಟಿನಲ್ಲೂ ಏನೋ ಸೋರಿಹೋಗುತ್ತದೆ. ಆದರೂ ಈ ಕೆಲಸವನ್ನು ಈಗಲೇ ಮಾಡಬೇಕೆಂದು ನಾನು ಒತ್ತಾಯಿಸುವುದಕ್ಕೆ ಕಾರಣವುಂಟು. ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಮೂರು ಲಗ್ನಪತ್ರಿಕೆಗಳಿವೆ. ನನ್ನ ತಂದೆಯವರದು ಪೂರ್ತಿ ಕನ್ನಡ. ನನ್ನದು ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ನನ್ನ ಅಣ್ಣನ ಮಗನದರಲ್ಲಿ ಮರಾಠಿ ಮತ್ತು ಇಂಗ್ಲಿಷ್. ಕುಲದೇವರ ಹೆಸರು ಮಾತ್ರ ಕನ್ನಡದ್ದು, ಅದೂ ದೇವನಾಗರಿ ಲಿಪಿಯಲ್ಲಿ. ಯಾರೂ ಯಾರನ್ನೂ ಬಲವಂತ ಮಾಡಿರಲಿಲ್ಲ. ಬೀಗರಿಗೆ ಓದಲು ಬರಬೇಕಲ್ಲ ಎಂದು ಅಣ್ಣ ಹೇಳಿದ. ಅದೂ ಸರಿಯೇ.

ಮೇಲೆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಈ ಮೂರನ್ನೂ ತೋರಿಸಿದೆ. ಆಕೆ ತನ್ನ ಓಣಿಯಿಂದ ಈವರೆಗೆ ಇಪ್ಪತ್ತಾರು ಪತ್ರಿಕೆಗಳನ್ನು ತಂದಿದ್ದಾಳೆ. ವರ್ಷ, ಲಿಪಿ, ಬೀಗರ ಊರು ಎಂದು ಕೋಷ್ಟಕ ಮಾಡುತ್ತಿದ್ದಾಳೆ. ಸಮಾಜಶಾಸ್ತ್ರದ ಸಹೋದ್ಯೋಗಿಯೊಬ್ಬರು ಕೋಷ್ಟಕವನ್ನು ತಿದ್ದಿಕೊಡುತ್ತಿದ್ದಾರೆ. ಸಾರಾಂಶದ ಮೊದಲ ಕರಡು ಮರಾಠಿಯಲ್ಲಿ ಸಿದ್ಧವಾಗಿದೆ. ಇನ್ನಷ್ಟು ಪತ್ರಿಕೆಗಳು ಬೇಕಾಗಿವೆ, ವಿಶೇಷವಾಗಿ 1980ಕ್ಕಿಂತ ಹಿಂದಿನವು. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ, ದೇವರ ಜಗುಲಿಯ ಹಿಂದೆ ಇದ್ದರೆ ವಿಭಾಗಕ್ಕೆ ತನ್ನಿ. ಛಾಯಾಪ್ರತಿ ಮಾಡಿಕೊಂಡು ಅದೇ ದಿನ ಹಿಂದಿರುಗಿಸುತ್ತೇವೆ.